ಭತ್ತದ ಹೊಟ್ಟಿನ ಗಾಜು, ಆಕ್ಸಿಜನ್ ಪೀಕು, ನನ್ನ ತಲೆನೋವು

ಹೊಟ್ಟುಬೂದಿ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವನು. ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ, ದಿನಾ ರೈಲಿನಲ್ಲಿ ಓಡಾಟ. ಪ್ರಾಜೆಕ್ಟಿಗೆ ಗಾಜು ಮಾಡಿದ್ದೇನೆ. ಮರಳಿನಿಂದ ಅಲ್ಲ, ಭತ್ತದ ಹೊಟ್ಟಿನಿಂದ. ನಮ್ಮ ಕಡೆ ಅಕ್ಕಿ ಗಿರಣಿಗಳಿಗೆ ಬರವಿಲ್ಲ, ಹೊಟ್ಟಿಗಂತೂ ಇಲ್ಲವೇ ಇಲ್ಲ. ಹೊಟ್ಟನ್ನು ಆಸಿಡ್‌ನಲ್ಲಿ ಕುದಿಸಿ, ತೊಳೆದು ಸುಟ್ಟರೆ ಉಳಿಯುವ ಬಿಳಿ ಬೂದಿ ಹೆಚ್ಚುಕಡಿಮೆ ಪೂರ್ತಿ ಸಿಲಿಕಾ. ಅದಕ್ಕೆ ಸೋಡಿಯಂ ಕಾರ್ಬೊನೇಟ್ ಬೆರೆಸಿ 1200 ಡಿಗ್ರಿಯಲ್ಲಿ ಕರಗಿಸಿ ಸ್ಟೀಲ್ ತಟ್ಟೆಯ ಮೇಲೆ ಸುರಿದೆ. ಲೆಕ್ಕದ ಪ್ರಕಾರ 1 ಪಾಲು ಸೋಡಿಯಂ ಆಕ್ಸೈಡ್, 2 ಪಾಲು ಸಿಲಿಕಾ. ಗಾಜು ಚೆನ್ನಾಗೇ ಬಂತು. ಸ್ವಲ್ಪ ಹಸಿರು ಛಾಯೆ ಇದೆ, ಅಷ್ಟೆ.

ಸಮಸ್ಯೆ ಈಗ. ಬೇರೆ ಊರಿನ ಒಂದು ಲ್ಯಾಬಿಗೆ ಸ್ಯಾಂಪಲ್ ಕಳಿಸಿ ಎಕ್ಸ್‌ಪಿಎಸ್ ಮಾಡಿಸಿದೆ (ಎಕ್ಸ್‌ರೇ ಬಿಟ್ಟು, ಹಾರಿಬರುವ ಎಲೆಕ್ಟ್ರಾನ್‌ಗಳ ಶಕ್ತಿ ಅಳೆಯುವ ಪರೀಕ್ಷೆ). ಆಕ್ಸಿಜನ್ 1ಎಸ್ ಜಾಗದಲ್ಲಿ ಒಂದು ದೊಡ್ಡ ಗುಡ್ಡ ಇದೆ, 532.3 ಇವಿ (ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ಹತ್ತಿರ. ಅದರ ಕೆಳ ಮಗ್ಗುಲಲ್ಲಿ 530.2ಕ್ಕೆ ಒಂದು ಸಣ್ಣ ಭುಜ. ಓದಿದ ಪ್ರಕಾರ ಆ ಭುಜ ನಾನ್-ಬ್ರಿಡ್ಜಿಂಗ್ ಆಕ್ಸಿಜನ್‌ನದು. ಲೆಕ್ಕದಲ್ಲಿ ಅದು ಶೇಕಡಾ 40 ಇರಬೇಕು. ನನಗೆ ಬಂದದ್ದು 15! ಸಾಲದ್ದಕ್ಕೆ 536ರ ಹತ್ತಿರ ಇನ್ನೊಂದು ದಿಬ್ಬ. ಅದು ಏನೆಂದೇ ಗೊತ್ತಿಲ್ಲ. ಗೈಡ್ 'ಫಿಟ್ ಸರಿಯಾಗಿ ಮಾಡು' (ಗುಡ್ಡವನ್ನು ಪೀಕುಗಳಾಗಿ ಬಿಡಿಸುವ ಲೆಕ್ಕ) ಅಂದರು. ಹನ್ನೊಂದು ಸಲ ಮಾಡಿದೆ. ನನ್ನ ಗಾಜೇ ತಪ್ಪಾ, ನನ್ನ ಲೆಕ್ಕ ತಪ್ಪಾ?

ನಿರ್ವಾತ · ಸೋಮವಾರ, ರಾತ್ರಿ 10:15

ಫಿಟ್ ಮಾಡುವುದನ್ನು ನಿಲ್ಲಿಸು ತಮ್ಮ. ಮೊದಲು ಇಷ್ಟಕ್ಕೆ ಉತ್ತರ ಕೊಡು. ಗಾಜು ಮಾಡಿದ ದಿನಕ್ಕೂ ಅಳೆದ ದಿನಕ್ಕೂ ಎಷ್ಟು ಅಂತರ? ಎಲ್ಲಿ ಇಟ್ಟಿದ್ದೆ? ಯಾವುದರಲ್ಲಿ ತೊಳೆದೆ? ಎಕ್ಸ್‌ರೇ ಅಲ್ಯುಮಿನಿಯಂನದೋ ಮೆಗ್ನೀಸಿಯಂನದೋ? ಕಾರ್ಬನ್ ಪೀಕಿನ ಚಿತ್ರ ಹಾಕು.

(ನಾನು ನಂಜನಗೂಡಿನವಳು. ಬೆಂಗಳೂರಿನಲ್ಲಿ ಇದೇ ಯಂತ್ರ ಓಡಿಸಿ ಒಂಬತ್ತು ವರ್ಷ ಆಯಿತು. ಈ ದೂರು ನನಗೆ ಹೊಸದಲ್ಲ.)

ಬಳೆಅಂಗಡಿ · ಮಂಗಳವಾರ, ಬೆಳಿಗ್ಗೆ 7:05

ನಮಗೂ ಅರ್ಥವಾಗುವ ಹಾಗೆ ಯಾರಾದರೂ ಹೇಳುತ್ತೀರಾ? ದೇವರಾಜ ಮಾರ್ಕೆಟ್ ಹತ್ತಿರ ನಮ್ಮದು ಬಳೆ ಅಂಗಡಿ. ಹುಟ್ಟಿದಾಗಿನಿಂದ ಗಾಜಿನ ಮಧ್ಯೆಯೇ ಇದ್ದೇನೆ. ಆದರೆ ಗಾಜಿನೊಳಗೆ 'ಭುಜ' ಇರುವುದು ಈಗಷ್ಟೇ ಕೇಳಿದೆ.

ಗಂಗೋತ್ರಿ_ಹಳಬ · ಮಂಗಳವಾರ, ಬೆಳಿಗ್ಗೆ 11:30

ನಿವೃತ್ತಿಯಾಗಿ ಕೂತಿದ್ದೇನೆ, ಹೇಳುತ್ತೇನಮ್ಮ. ಸ್ವಲ್ಪ ಉದ್ದವಾಗುತ್ತದೆ.

ಮೊದಲು ಗಾಜು. ಸಿಲಿಕಾದಲ್ಲಿ ಒಂದೊಂದು ಸಿಲಿಕಾನ್ ಸುತ್ತ ನಾಲ್ಕು ಆಕ್ಸಿಜನ್. ಪ್ರತಿ ಆಕ್ಸಿಜನ್ ಎರಡು ಕಡೆ ಕೈ ಚಾಚಿ ಎರಡು ಸಿಲಿಕಾನ್‌ಗಳನ್ನು ಹಿಡಿದಿರುತ್ತದೆ. ಇದೇ ಸೇತುವೆ ಆಕ್ಸಿಜನ್. ಸ್ಫಟಿಕದಲ್ಲಿ ಈ ಜೋಡಣೆ ನಾಟಿ ಮಾಡಿದ ಗದ್ದೆಯಂತೆ ಸಾಲಾಗಿ ಇರುತ್ತದೆ. ಗಾಜಿನಲ್ಲಿ ಕೈ ಹಿಡಿದಿರುವುದು ನಿಜ, ಸಾಲು ಇಲ್ಲ. ಸಿಲಿಕಾನ್‌ನಿಂದ ಆಕ್ಸಿಜನ್‌ಗೆ ದೂರ ಎಲ್ಲೆಲ್ಲೂ ಸುಮಾರು 1.6 ಆಂಗ್‌ಸ್ಟ್ರಾಂ. ಆದರೆ ಸಿಲಿಕಾನ್ ಮತ್ತು ಅದರ ನಾಲ್ಕು ಆಕ್ಸಿಜನ್ ಸೇರಿದ ಒಂದು ಮನೆಗೂ ಪಕ್ಕದ ಮನೆಗೂ ಇರುವ ಕೋನ ಒಂದೊಂದು ಕಡೆ ಒಂದೊಂದು ಥರ. 1932ರಲ್ಲಿ ಜಕಾರಿಯಾಸೆನ್ ಎಂಬಾತ ಇದನ್ನು ಒಂದು ಚಿತ್ರ ಬರೆದು ತೋರಿಸಿದ. ಇವತ್ತಿಗೂ ಪಾಠ ಶುರುವಾಗುವುದು ಅದೇ ಚಿತ್ರದಿಂದ.

ಈಗ ಇದಕ್ಕೆ ಸೋಡಾ ಹಾಕಿ. ಸೋಡಿಯಂ ಆಕ್ಸೈಡ್ ತನ್ನ ಜೊತೆ ಒಂದು ಆಕ್ಸಿಜನ್ ತರುತ್ತದೆ. ಅದು ಒಂದು ಸೇತುವೆಯ ನಡುವೆ ನುಗ್ಗುತ್ತದೆ. ಒಂದು ಸೇತುವೆ ಮುರಿದು ಎರಡು ಮೊಂಡು ತುದಿ ಆಗುತ್ತವೆ. ಪ್ರತಿ ತುದಿಯಲ್ಲೂ ಒಂದು ಕೈ ಮಾತ್ರ ಹಿಡಿದ ಆಕ್ಸಿಜನ್ (ಹುಡುಗ ಹೇಳಿದ ನಾನ್-ಬ್ರಿಡ್ಜಿಂಗ್ ಇದೇ), ಅದರ ಪಕ್ಕದಲ್ಲಿ ಒಂದು ಸೋಡಿಯಂ. ಹೀಗೆ ಸೇತುವೆಗಳು ಮುರಿದಿದ್ದರಿಂದಲೇ ಗಾಜು ಕಡಿಮೆ ಉಷ್ಣತೆಯಲ್ಲಿ ಕರಗುತ್ತದೆ, ನಿಮ್ಮ ಬಳೆಯನ್ನು ಬಗ್ಗಿಸಲು ಆಗುತ್ತದೆ. ನಮ್ಮ ಹುಡುಗನ ಗಾಜಿನಲ್ಲಿ ಒಟ್ಟು ಆಕ್ಸಿಜನ್ 5: ಸೋಡಾದಿಂದ 1, ಎರಡು ಸಿಲಿಕಾದಿಂದ 4. ಸೋಡಿಯಂ 2, ಅಂದರೆ ಒಂಟಿ ಕೈ ಆಕ್ಸಿಜನ್ 2. ಐದರಲ್ಲಿ ಎರಡು, ಶೇಕಡಾ 40. ಅವನ ಲೆಕ್ಕ ಸರಿ ಇದೆ.

ಇನ್ನು ಯಂತ್ರ. ಎಕ್ಸ್‌ರೇ ಬಿಟ್ಟರೆ ಪರಮಾಣುವಿನ ಒಳಗಿನ ಎಲೆಕ್ಟ್ರಾನ್ ಕಿತ್ತುಕೊಂಡು ಹೊರಗೆ ಹಾರುತ್ತದೆ. ಎಷ್ಟು ಶಕ್ತಿ ಕೊಟ್ಟೆವು ಅನ್ನುವುದು ಗೊತ್ತು. ಎಷ್ಟು ಶಕ್ತಿಯಿಂದ ಹಾರಿತು ಅನ್ನುವುದನ್ನು ಅಳೆಯುತ್ತೇವೆ. ಕಳೆದರೆ, ಒಳಗೆ ಎಷ್ಟು ಗಟ್ಟಿಯಾಗಿ ಕಟ್ಟಿಹಾಕಿತ್ತು ಅನ್ನುವುದು ಸಿಗುತ್ತದೆ. ತತ್ವ 1905ರ ಐನ್‌ಸ್ಟೈನ್ ಕಾಲದ್ದೇ. ಅದನ್ನು ನಾಜೂಕಾದ ಅಳತೆಯ ಸಾಧನ ಮಾಡಿದ್ದು ಸ್ವೀಡನ್ನಿನ ಉಪ್ಸಾಲಾದಲ್ಲಿ ಕೈ ಸೀಗ್‌ಬಾನ್ ಮತ್ತು ಸಂಗಡಿಗರು. ಅವರಿಗೆ 1981ರಲ್ಲಿ ನೊಬೆಲ್ ಬಂತು. ಅವರ ತಂದೆಗೂ ಬಂದಿತ್ತು, ಅದೂ ಎಕ್ಸ್‌ರೇ ಕೆಲಸಕ್ಕೇ. ಕೆಲವು ಮನೆಗಳಲ್ಲಿ ಸಂಗೀತ ಇಳಿದು ಬರುತ್ತದಲ್ಲ, ಹಾಗೆ.

ನನಗೆ ಇಷ್ಟವಾದ ಉದಾಹರಣೆ ಹೈಪೋದ್ದು. ಹಿಂದೆ ಸ್ಟುಡಿಯೋದವರು ಫೋಟೋ ತೊಳೆಯಲು ಬಳಸುತ್ತಿದ್ದ ಹರಳು. ಅದರ ಅಣುವಿನಲ್ಲಿ ಎರಡು ಗಂಧಕ. ಒಂದು ಆಕ್ಸಿಜನ್‌ಗಳ ನಡುವೆ ಸಿಕ್ಕಿಕೊಂಡಿದೆ, ಇನ್ನೊಂದು ಹೊರಗೆ ನೇತಾಡುತ್ತಿದೆ. 1964ರಲ್ಲಿ ಸೀಗ್‌ಬಾನ್ ಗುಂಪು ತೋರಿಸಿದ್ದು, ಎರಡೂ ಗಂಧಕವೇ ಆದರೂ ಪೀಕು ಎರಡು ಬರುತ್ತದೆ ಎಂದು. ಅಂದರೆ ಪರಮಾಣು ಯಾವುದು ಅನ್ನುವುದರ ಜೊತೆಗೆ, ಅದರ ಅಕ್ಕಪಕ್ಕ ಯಾರಿದ್ದಾರೆ ಅನ್ನುವುದೂ ತಿಳಿಯುತ್ತದೆ. ಗಾಜಿನ ಆಕ್ಸಿಜನ್ ಕತೆಯೂ ಅದೇ. ಒಂಟಿ ಕೈ ಆಕ್ಸಿಜನ್ ಮೇಲೆ ಋಣ ವಿದ್ಯುತ್ತು ಜಾಸ್ತಿ. ಅದರಿಂದ ಎಲೆಕ್ಟ್ರಾನ್ ಕೀಳುವುದು ಸ್ವಲ್ಪ ಸಲೀಸು. ಹಾಗಾಗಿ ಅದರ ಪೀಕು ಸುಮಾರು 2 ಇವಿ ಕೆಳಗೆ ಬರುತ್ತದೆ. ಹುಡುಗ ಹೇಳಿದ 'ಭುಜ' ಅದು.

ಆಲೆಮನೆ_ಮಗ · ಮಂಗಳವಾರ, ಮಧ್ಯಾಹ್ನ 1:10

ಮೇಷ್ಟ್ರೇ, ಅಡ್ಡ ಬಂದೆ ಅಂತ ಬೇಜಾರಾಗಬೇಡಿ. ಕಲ್ಲುಸಕ್ಕರೆಯೂ ಸಕ್ಕರೆ, ಪೆಪ್ಪರಮಿಂಟೂ ಸಕ್ಕರೆ. ಒಂದು ಹರಳು, ಒಂದು ಗಾಜಿನ ಹಾಗೆ ಚೂರು ಚೂರಾಗುತ್ತದೆ. ಇದೂ ಅದೇ ಕತೇನಾ?

ಗಂಗೋತ್ರಿ_ಹಳಬ · ಮಂಗಳವಾರ, ಮಧ್ಯಾಹ್ನ 1:25

ಅದೇ ಕಣಯ್ಯ. ಪಾಕವನ್ನು ನೂಲು ಕಟ್ಟಿ ದಿನಗಟ್ಟಲೆ ಬಿಟ್ಟರೆ ಹರಳು. ಗಟ್ಟಿ ಪಾಕವನ್ನು ಬೇಗ ಆರಿಸಿದರೆ ಸಾಲು ಕಟ್ಟಲು ಸಮಯವೇ ಸಿಗದೆ ಗಾಜು. ಮಳೆಗಾಲದಲ್ಲಿ ಪೆಪ್ಪರಮಿಂಟ್ ಅಂಟಂಟಾಗುತ್ತದೆ ನೋಡಿದ್ದೀಯಲ್ಲ? ಅದನ್ನು ನೆನಪಿಟ್ಟುಕೋ. ಹುಡುಗನ ಗಾಜಿಗೂ ಅದೇ ಆಗಿದೆ ಅಂತ ನನಗೆ ಗುಮಾನಿ.

ಅಂಬಾವಿಲಾಸ · ಮಂಗಳವಾರ, ಸಂಜೆ 6:50

ಗಾಜು ನಿಧಾನವಾಗಿ ಹರಿಯುವ ದ್ರವ, ಅದಕ್ಕೇ ಹಳೇ ಕಿಟಕಿ ಗಾಜು ಕೆಳಗಡೆ ದಪ್ಪ ಅಂತಾರಲ್ಲ. ನಾನು ಅರಮನೆಯಲ್ಲಿ ಪ್ರವಾಸಿಗಳಿಗೆ ಜಾಗ ತೋರಿಸುವವನು. ಕಲ್ಯಾಣ ಮಂಟಪದ ನವಿಲಿನ ಗಾಜಿನ ಚಾವಣಿ ಕೆಳಗೆ ನಿಂತಾಗ ಯಾರಾದರೊಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ.

ಗಂಗೋತ್ರಿ_ಹಳಬ · ಮಂಗಳವಾರ, ಸಂಜೆ 7:15

ದಯವಿಟ್ಟು ಅದನ್ನು ಹೇಳುವುದು ಬಿಡಿಸಿ! ಅರಮನೆ ಮುಗಿದದ್ದು 1912ರಲ್ಲಿ. ಕೋಣೆಯ ಉಷ್ಣತೆಯಲ್ಲಿ ಗಾಜು ಕಣ್ಣಿಗೆ ಕಾಣುವಷ್ಟು ಹರಿಯಬೇಕಾದರೆ ವಿಶ್ವದ ವಯಸ್ಸೂ ಸಾಲದು. ಹಳೇ ಹಾಳೆಗಳನ್ನು ಮಾಡುವಾಗಲೇ ದಪ್ಪ ಒಂದೇ ಸಮ ಬರುತ್ತಿರಲಿಲ್ಲ, ಅಷ್ಟೆ.

ಹೊಟ್ಟುಬೂದಿ · ಮಂಗಳವಾರ, ರಾತ್ರಿ 9:55

ನಿರ್ವಾತ ಅಕ್ಕ, ತಡವಾಯಿತು, ರೈಲು ಲೇಟು. ಉತ್ತರ:

ಗಾಜು ಮಾಡಿ ಮೂರೂವರೆ ವಾರ ಆದ ಮೇಲೆ ಅಳತೆ ಆಯಿತು. ಅಲ್ಲಿಯವರೆಗೆ ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಕಿ ಮೇಜಿನ ಡ್ರಾದಲ್ಲಿ ಇಟ್ಟಿದ್ದೆ. ಆಷಾಢದ ಮಳೆ ಇತ್ತು. ಕಳಿಸುವ ಹಿಂದಿನ ದಿನ ನಲ್ಲಿ ನೀರಿನಲ್ಲಿ ತೊಳೆದೆ, ಆಮೇಲೆ ಅಸಿಟೋನ್. ಮೇಲೆ ಸ್ವಲ್ಪ ಮಬ್ಬು ಇತ್ತು, ಒರೆಸಿದೆ. ಎಕ್ಸ್‌ರೇ ಅಲ್ಯುಮಿನಿಯಂನದು. ಕಾರ್ಬನ್ ಪೀಕಿನಲ್ಲಿ 284.8 ದೊಡ್ಡದು, ಅದರ ಜೊತೆಗೆ 289.5ಕ್ಕೆ ಒಂದು, ಮತ್ತೆ 293ಕ್ಕೂ 296ಕ್ಕೂ ಎರಡು ತೀರಾ ಪುಟ್ಟವು.

ನಿರ್ವಾತ · ಮಂಗಳವಾರ, ರಾತ್ರಿ 11:20

ತಮ್ಮ, ನೀನು ಮಂಡ್ಯದವನಾಗಿ ಇದು ನಿನಗೇ ಹೊಳೆಯಬೇಕಿತ್ತು. ಈ ಗಾಜನ್ನು ನೀರಲ್ಲಿ ತೊಳೆಯುವುದೂ ಒಂದೇ, ಬೆಲ್ಲದ ಅಚ್ಚನ್ನು ನೀರಲ್ಲಿ ತೊಳೆಯುವುದೂ ಒಂದೇ. 1ಕ್ಕೆ 2 ಪಾಲಿನ ಸೋಡಿಯಂ ಸಿಲಿಕೇಟ್ ಅಂದರೆ ವಾಟರ್ ಗ್ಲಾಸಿನ, ಅಂದರೆ ನೀರಿನಲ್ಲಿ ಕರಗುವ ಗಾಜಿನ, ದಾಯಾದಿ. ಕಿಟಕಿ ಗಾಜಿನಲ್ಲಿ ಸಿಲಿಕಾ ಶೇಕಡಾ 70ರ ಮೇಲೆ ಇರುತ್ತದೆ, ಜೊತೆಗೆ ಸುಣ್ಣದ ಅಂಶವೂ ಇರುತ್ತದೆ. ಅದಕ್ಕೇ ಅದು ಮಳೆ ತಡೆಯುತ್ತದೆ. ನಿನ್ನದಕ್ಕೆ ಅಂಥ ಕಾವಲು ಇಲ್ಲ.

ಈಗ ಒಂದೊಂದಾಗಿ.

ಈ ವಿಧಾನ ನೋಡುವುದು ಗಾಜಿನ ಚರ್ಮವನ್ನು ಮಾತ್ರ. ಎಕ್ಸ್‌ರೇ ಆಳಕ್ಕೆ ಹೋಗುತ್ತದೆ ನಿಜ. ಆದರೆ ಆಳದಿಂದ ಹೊರಟ ಎಲೆಕ್ಟ್ರಾನ್ ದಾರಿಯಲ್ಲಿ ಢಿಕ್ಕಿ ಹೊಡೆದು ಶಕ್ತಿ ಕಳೆದುಕೊಳ್ಳುತ್ತದೆ. ಶಕ್ತಿ ಕಳೆದುಕೊಳ್ಳದೆ ಬರುವುದು ಮೇಲಿನ 10 ನ್ಯಾನೋಮೀಟರ್ ಒಳಗಿನದು ಮಾತ್ರ. ನೀನು ಎರಡು ಮಿಲಿಮೀಟರ್ ದಪ್ಪದ ತುಂಡು ಕಳಿಸಿದ್ದೀಯ. ನೋಡಿದ್ದು ಅದರ ಎರಡು ಲಕ್ಷದ ಒಂದು ಭಾಗ. ಆ ಭಾಗ ಮೂರೂವರೆ ವಾರ ಆಷಾಢದ ಗಾಳಿ ಕುಡಿದಿದೆ.

ಅಲ್ಲಿ ಏನಾಯಿತು? ನೀರು ಸೋಡಿಯಂ ಅನ್ನು ಹೊರಗೆ ಎಳೆಯಿತು, ಆ ಜಾಗದಲ್ಲಿ ಹೈಡ್ರೋಜನ್ ಕೂತಿತು. ಒಂಟಿ ಕೈ ಆಕ್ಸಿಜನ್‌ಗೆ ಹೈಡ್ರೋಜನ್ ಅಂಟಿಕೊಂಡರೆ ಅದರ ಪೀಕು ಮೇಲೆ ಸರಿದು ಸೇತುವೆ ಆಕ್ಸಿಜನ್ ಪೀಕಿನ ಜೊತೆ ಸೇರಿಹೋಗುತ್ತದೆ. ಅದಕ್ಕೇ ನಿನ್ನ 40 ಇಳಿದು 15 ಆಯಿತು. ಎಕ್ಸ್‌ಪಿಎಸ್‌ಗೆ ಹೈಡ್ರೋಜನ್ ಕಾಣುವುದೇ ಇಲ್ಲ, ಹಾಗಾಗಿ ಕಳ್ಳನನ್ನು ನೇರವಾಗಿ ಹಿಡಿಯಲಾಗದು. ಹೊರಬಂದ ಸೋಡಿಯಂ ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಕಾರ್ಬೊನೇಟ್ ಆಗಿದೆ. ನಿನ್ನ 289.5ರ ಪೀಕು ಅದು. ನೀನು ಒರೆಸಿದ ಮಬ್ಬು ಕೂಡ ಅದೇ. ಕಾರ್ಬೊನೇಟಿನ ಆಕ್ಸಿಜನ್ ನಿನ್ನ ಎರಡು ಪೀಕಿನ ನಡುವೆ ಬಂದು ಕೂರುತ್ತದೆ. ಹನ್ನೊಂದು ಸಲ ಅಲ್ಲ, ನೂರು ಸಲ ಫಿಟ್ ಮಾಡಿದರೂ ಸರಿಹೋಗಲ್ಲ.

536ರ ದಿಬ್ಬ ಆಕ್ಸಿಜನ್ ಅಲ್ಲವೇ ಅಲ್ಲ. ಅದು ಸೋಡಿಯಂ. ಎಕ್ಸ್‌ರೇ ಒಳಗಿನ ಎಲೆಕ್ಟ್ರಾನ್ ಕಿತ್ತಾಗ ಆ ಖಾಲಿ ಜಾಗಕ್ಕೆ ಮೇಲಿನದೊಂದು ಇಳಿಯುತ್ತದೆ. ಇಳಿದಾಗ ಉಳಿದ ಶಕ್ತಿಯನ್ನು ಪಕ್ಕದ ಎಲೆಕ್ಟ್ರಾನ್‌ಗೆ ಕೊಟ್ಟು ಅದನ್ನು ಹೊರಗೆ ದಬ್ಬುತ್ತದೆ. ಇದು ಆಜೇ ಎಲೆಕ್ಟ್ರಾನ್. ಪಿಯರ್ ಆಜೇ ಹೆಸರು ನಿಂತಿತು, ಆದರೆ ಅವನಿಗಿಂತ ಒಂದು ವರ್ಷ ಮೊದಲೇ, 1922ರಲ್ಲಿ, ಲೀಸೆ ಮೈಟ್ನರ್ ಇದನ್ನು ಬರೆದಿದ್ದರು. ಆ ವಿಷಯ ಬಿಡು, ಶುರು ಮಾಡಿದರೆ ರಾತ್ರಿ ಕಳೆಯುತ್ತದೆ.

ಆಜೇ ಎಲೆಕ್ಟ್ರಾನ್ ಯಾವ ಎಕ್ಸ್‌ರೇ ಹಾಕಿದರೂ ಅದೇ ವೇಗದಲ್ಲಿ ಬರುತ್ತದೆ. ಸೋಡಿಯಂನ ಒಂದು ಆಜೇ ಗುಂಪು ಸುಮಾರು 950 ಇವಿ ಶಕ್ತಿಯಲ್ಲಿ ಹಾರುತ್ತದೆ. ಅಲ್ಯುಮಿನಿಯಂ ಎಕ್ಸ್‌ರೇ 1486.6 ಇವಿ. ಅದರಲ್ಲಿ ಆಕ್ಸಿಜನ್ನಿನ 532 ಕಳೆದರೂ ಉಳಿಯುವುದು 950ರ ಆಸುಪಾಸೇ. ಎರಡೂ ಒಂದೇ ಹೊತ್ತಿಗೆ ಬಾಗಿಲಿಗೆ ಬಂದರೆ ಯಂತ್ರಕ್ಕೆ ಯಾರು ಯಾರೆಂದು ಗೊತ್ತಾಗಲ್ಲ. ಮೆಗ್ನೀಸಿಯಂ ಎಕ್ಸ್‌ರೇ, ಅಂದರೆ 1253.6 ಇವಿ, ಹಾಕಿದರೆ ಆಕ್ಸಿಜನ್ ತನ್ನ 532ರಲ್ಲೇ ಇರುತ್ತದೆ, ಈ ದಿಬ್ಬ ಅಲ್ಲಿಂದ ಎದ್ದು 300ರ ಕಡೆ ಓಡುತ್ತದೆ. ನೀನು ಹೋದ ಲ್ಯಾಬಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಇನ್ನೊಂದು ದಾರಿ: ಪೂರ್ತಿ ಸ್ಕ್ಯಾನಿನಲ್ಲಿ 497ರ ಹತ್ತಿರ ದೊಡ್ಡ ಪೀಕು ಇದೆಯಾ ನೋಡು. ಅದು ಇದರ ಅಣ್ಣ. ಅಣ್ಣ ಇದ್ದಲ್ಲಿ ತಮ್ಮ ಇದ್ದೇ ಇರುತ್ತಾನೆ.

293, 296: ಪೊಟ್ಯಾಸಿಯಂ. ಹೊಟ್ಟಿನ ಬೂದಿ ಅಲ್ವಾ? ಆಸಿಡ್ ತೊಳೆತ ಸಾಲದು.

ಹೊಟ್ಟುಬೂದಿ · ಬುಧವಾರ, ಬೆಳಿಗ್ಗೆ 6:40

ಅಕ್ಕ, 497ಕ್ಕೆ ದೊಡ್ಡ ಪೀಕು ಇದೆ. ಇಷ್ಟು ದಿನ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ರೈಲಿನಲ್ಲಿ ಕೂತು ಈಗ ನೋಡಿದೆ. ಪಾಂಡವಪುರ ದಾಟುವಷ್ಟರಲ್ಲಿ ಅರ್ಧ ತಲೆನೋವು ಹೋಯಿತು.

ಹಠಮಾರಿ · ಬುಧವಾರ, ಬೆಳಿಗ್ಗೆ 10:05

ಎಲ್ಲ ಸರಿ. ಆದರೆ ಇದನ್ನು 'ಗಾಜಿನ ಪರಮಾಣು ರಚನೆ' ಅಂತ ಕರೆಯುವುದಕ್ಕೇ ನನ್ನ ತಕರಾರು. ಎಕ್ಸ್‌ಪಿಎಸ್ ಒಂದು ದೂರವನ್ನೂ ಹೇಳಲ್ಲ, ಒಂದು ಕೋನವನ್ನೂ ಹೇಳಲ್ಲ. ಉಂಗುರದಲ್ಲಿ ಐದು ಸಿಲಿಕಾನ್ ಇವೆಯೋ ಏಳು ಇವೆಯೋ ಹೇಳಲ್ಲ. ರಚನೆ ಬೇಕೆಂದರೆ ಎಕ್ಸ್‌ರೇ ಚದುರಿಕೆ, ನ್ಯೂಟ್ರಾನ್ ಚದುರಿಕೆ ಮಾಡಿ. ಚರ್ಮ ನೋಡಿ ಮೂಳೆಯ ಬಗ್ಗೆ ಮಾತಾಡಬೇಡಿ.

ನಿರ್ವಾತ · ಬುಧವಾರ, ಬೆಳಿಗ್ಗೆ 10:30

ಚದುರಿಕೆ ಎಲ್ಲ ಆಕ್ಸಿಜನ್‌ಗಳನ್ನೂ ಸೇರಿಸಿ ಒಂದು ಸರಾಸರಿ ಕೊಡುತ್ತದೆ. ಯಾವ ಆಕ್ಸಿಜನ್ ಸೇತುವೆ, ಯಾವುದು ಒಂಟಿ, ಎಷ್ಟಕ್ಕೆ ಎಷ್ಟು ಅನ್ನುವುದನ್ನು ಅದರಿಂದ ಬಿಡಿಸಿ ತೆಗೆಯಲು ಬೆವರು ಹರಿಸಬೇಕು. ನಮ್ಮಲ್ಲಿ ಎರಡು ಗುಡ್ಡ ಕಣ್ಣೆದುರೇ ನಿಲ್ಲುತ್ತವೆ.

ಹಠಮಾರಿ · ಬುಧವಾರ, ಬೆಳಿಗ್ಗೆ 10:41

ನಿಂತದ್ದು ಸೋಡಿಯಂ, ಕಾರ್ಬೊನೇಟ್ ಮತ್ತು ಆಷಾಢ. ಈಗಷ್ಟೇ ನೀವೇ ಹೇಳಿದಿರಿ.

ಬಳೆಅಂಗಡಿ · ಬುಧವಾರ, ಬೆಳಿಗ್ಗೆ 10:50

😄

ಗಂಗೋತ್ರಿ_ಹಳಬ · ಬುಧವಾರ, ಮಧ್ಯಾಹ್ನ 12:20

ಇಬ್ಬರೂ ಸ್ವಲ್ಪ ತಣ್ಣಗಾಗಿ. ಹಠಮಾರಿಯವರ ಮಾತಿನಲ್ಲಿ ಹುರುಳಿದೆ. ಎಕ್ಸ್‌ಪಿಎಸ್ ನಕ್ಷೆ ಕೊಡುವುದಿಲ್ಲ, ಜನಗಣತಿ ಕೊಡುತ್ತದೆ. ಈ ಊರಲ್ಲಿ ಎಷ್ಟು ಮನೆಗೆ ಎರಡು ಬಾಗಿಲು, ಎಷ್ಟು ಮನೆಗೆ ಒಂದು ಎಂದು ಎಣಿಸಿ ಹೇಳುತ್ತದೆ. ಬೀದಿ ಹೇಗೆ ತಿರುಗುತ್ತದೆ ಅನ್ನುವುದಕ್ಕೆ ಬೇರೆಯವರನ್ನು ಕೇಳಬೇಕು. ಸಿಲಿಕಾನ್ ಕಡೆಯಿಂದ ಎಣಿಸಬೇಕಾದರೆ ಎನ್‌ಎಂಆರ್ ಇದೆ. ನಾಲ್ಕೂ ಸೇತುವೆ ಇರುವ ಸಿಲಿಕಾನ್ ಎಷ್ಟು, ಮೂರು ಇರುವುದು ಎಷ್ಟು ಎಂದು ಅದು ಬೇರ್ಪಡಿಸುತ್ತದೆ. ಈ ಹುಡುಗನ ಗಾಜಿನಲ್ಲಿ ಬಹುಪಾಲು ಸಿಲಿಕಾನ್‌ಗೆ ಮೂರು ಸೇತುವೆ, ಒಂದು ಮೊಂಡು ಕೈ. ಎಕ್ಸ್‌ಪಿಎಸ್‌ನ ಸಿಲಿಕಾನ್ ಪೀಕಿನಲ್ಲಿ ಈ ಭೇದ ಕಲಸಿಹೋಗುತ್ತದೆ. ಆದರೆ ಆಕ್ಸಿಜನ್ ಕಡೆಯಿಂದ ನೇರವಾಗಿ ಎಣಿಸಲು ಎಕ್ಸ್‌ಪಿಎಸ್‌ನಷ್ಟು ಸಲೀಸಾದದ್ದು ಕಡಿಮೆ. 1970ರ ದಶಕದಿಂದಲೇ ಗಾಜಿನವರು ಇದನ್ನು ಹಿಡಿದುಕೊಂಡದ್ದು ಅದಕ್ಕೇ. ಎರಡು ಕಡೆಯ ಎಣಿಕೆಯೂ ತಾಳೆ ಆಗಬೇಕು. ಆಗದಿದ್ದಾಗ ಏನು ಎಂಬ ಬಗ್ಗೆ ಜಗಳ ಇನ್ನೂ ನಡೆಯುತ್ತಿದೆ. ಯಾವ ಸಿಲಿಕಾನ್‌ನ ಕೈಯನ್ನೂ ಹಿಡಿಯದೆ ಬರೀ ಸೋಡಿಯಂಗಳ ನಡುವೆ ಇರುವ ಆಕ್ಸಿಜನ್ ಕೂಡ ಸ್ವಲ್ಪ ಇರುತ್ತದೆ ಅನ್ನುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ.

ನಕ್ಷೆ ಬಗ್ಗೆ ಒಂದು ಮಾತು. 1932ರ ಆ ಚಿತ್ರವನ್ನು ನಾನು ಎಷ್ಟೋ ವರ್ಷ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಅದು ಬರೀ ಊಹೆ, ಯಾರೂ ನೋಡಿದ್ದಲ್ಲ ಎಂದು ಹೇಳಿಯೇ ಬರೆಯುತ್ತಿದ್ದೆ. 2012ರಲ್ಲಿ ಅಮೆರಿಕದ ಕಾರ್ನೆಲ್ ಮತ್ತು ಜರ್ಮನಿಯ ಉಲ್ಮ್ ಕಡೆಯವರು ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಮೇಲೆ ಬೆಳೆದಿದ್ದ ತೀರಾ ತೆಳು ಸಿಲಿಕಾ ಗಾಜನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ ಫೋಟೋ ಹಾಕಿದರು. ಸಿಲಿಕಾನ್‌ಗಳು ಒಂದೊಂದಾಗಿ ಕಾಣುತ್ತಿದ್ದವು. ಐದರ ಉಂಗುರ, ಆರರ ಉಂಗುರ, ಏಳರ ಉಂಗುರ. ನನ್ನ ಸೀಮೆಸುಣ್ಣದ ಚಿತ್ರವೇ! ಅವತ್ತು ನಾನು ಮನೆಯಲ್ಲಿ ಯಾರಿಗೆ ತೋರಿಸಲಿ ಎಂದು ಫೋನು ಹಿಡಿದು ಓಡಾಡಿದೆ. ನಮ್ಮ ಮನೆಯವರು 'ಸೊಳ್ಳೆ ಪರದೆ ಹರಿದ ಹಾಗಿದೆ' ಅಂದರು.

ಹಠಮಾರಿ · ಬುಧವಾರ, ಮಧ್ಯಾಹ್ನ 12:45

ಜನಗಣತಿ ಅನ್ನುವುದನ್ನು ಒಪ್ಪಿದೆ ಸರ್. ಆದರೆ ಊರಿನದ್ದೇ ಗಣತಿ ಆಗಬೇಕು, ಊರ ಬಾಗಿಲ ಬಳಿ ನಿಂತ ಹೊರಗಿನವರದ್ದಲ್ಲ.

ಹೊಟ್ಟುಬೂದಿ · ಬುಧವಾರ, ರಾತ್ರಿ 9:30

ಹಾಗಾದರೆ ಮೇಲಿನ ಪದರ ತೆಗೆದುಬಿಟ್ಟರೆ ಆಯಿತಲ್ಲ? ಯಂತ್ರದಲ್ಲೇ ಆರ್ಗಾನ್ ಬಡಿದು ಕೆರೆಯುವ ವ್ಯವಸ್ಥೆ ಇದೆ ಅಂತ ಆ ಲ್ಯಾಬಿನವರು ಹೇಳಿದ್ದರು. ಐದು ನಿಮಿಷಕ್ಕೆ ಬೇರೆ ಚಾರ್ಜು.

ನಿರ್ವಾತ · ಬುಧವಾರ, ರಾತ್ರಿ 10:10

ಬೇಡ ಬೇಡ. ಲೋಹಕ್ಕೆ ಪರವಾಗಿಲ್ಲ, ನಿನ್ನ ಗಾಜಿಗೆ ಬೇಡ. ಆರ್ಗಾನ್ ಅಯಾನುಗಳ ಏಟಿಗೆ ಸೋಡಿಯಂ ಇದ್ದಲ್ಲಿ ಇರುವುದಿಲ್ಲ, ಜಾಗ ಬದಲಾಯಿಸುತ್ತದೆ. ಬಂಧಗಳೂ ಒಡೆಯುತ್ತವೆ. ಗೋಡೆ ಬಣ್ಣ ನೋಡಲು ಸುತ್ತಿಗೆಯಿಂದ ಗಾರೆ ಕೆತ್ತಿದ ಹಾಗೆ ಆಗುತ್ತದೆ.

ಸರಿಯಾದ ದಾರಿ ಒಂದೇ. ನಿರ್ವಾತದ ಒಳಗೇ ಗಾಜನ್ನು ಮುರಿಯುವುದು. ಗಾಜನ್ನು ಕಡ್ಡಿಯ ಹಾಗೆ ಎರಕ ಹೊಯ್ದು ನಡುವೆ ಒಂದು ಗೀರು ಹಾಕಿ ಯಂತ್ರಕ್ಕೆ ಕಳಿಸುತ್ತೇವೆ. ಗಾಳಿಯೆಲ್ಲ ಹೊರಗೆ ಹೋದ ಮೇಲೆ ಒಳಗಿನ ಕೋಲಿನಿಂದ ತಟ್ಟಿದರೆ ಟಕ್ಕಂತ ಮುರಿಯುತ್ತದೆ. ಆ ಮುರಿದ ಮುಖ ಗಾಳಿಯನ್ನೇ ಕಂಡಿಲ್ಲ, ನೀರನ್ನು ಕಂಡಿಲ್ಲ. ಅದನ್ನು ಅಳೆಯಬೇಕು.

ಇನ್ನೆರಡು ಎಚ್ಚರಿಕೆ. ಗಾಜಿಗೆ ವಿದ್ಯುತ್ ಹರಿಯಲ್ಲ. ಎಲೆಕ್ಟ್ರಾನ್ ಕಳೆದುಕೊಂಡ ಮೇಲ್ಮೈ ಧನ ವಿದ್ಯುತ್ತು ತುಂಬಿಕೊಂಡು, ಪೀಕುಗಳೆಲ್ಲ ಇರುವ ಜಾಗ ಬಿಟ್ಟು ಜರುಗುತ್ತವೆ. ಅದಕ್ಕೆ ನಿಧಾನದ ಎಲೆಕ್ಟ್ರಾನ್‌ಗಳನ್ನು ಸಣ್ಣಗೆ ಚಿಮುಕಿಸುತ್ತಾ ಇರುತ್ತೇವೆ. ಆದರೂ ಪೂರ್ತಿ ಸರಿಹೋಗಲ್ಲ. ಮಾಮೂಲಿಯಾಗಿ ಏನು ಮಾಡುತ್ತೇವೆ? ಎಲ್ಲ ಸ್ಯಾಂಪಲ್ ಮೇಲೂ ಇರುವ ಗಾಳಿಯ ಜಿಡ್ಡಿನ ಕಾರ್ಬನ್ ಪೀಕನ್ನು 284.8ಕ್ಕೆ ತಂದು ನಿಲ್ಲಿಸಿ ಉಳಿದದ್ದನ್ನು ಅಳೆಯುತ್ತೇವೆ. ಈಗ ತಮಾಷೆ ನೋಡು. ನಿರ್ವಾತದಲ್ಲಿ ಮುರಿದ ಮುಖದ ಮೇಲೆ ಜಿಡ್ಡೇ ಇಲ್ಲ! ಕೊಳಕು ಹೋಯಿತು, ಅದರ ಜೊತೆ ಅಳತೆಗೋಲೂ ಹೋಯಿತು. ಗಾಬರಿ ಆಗಬೇಡ. ನಿನಗೆ ಬೇಕಾದದ್ದು ಎರಡು ಆಕ್ಸಿಜನ್ ಪೀಕಿನ ನಡುವಿನ ಅಂತರ ಮತ್ತು ಅವುಗಳ ವಿಸ್ತೀರ್ಣ. ಎರಡೂ ಒಟ್ಟಿಗೇ ಜರುಗುತ್ತವೆ, ಅಂತರ ಬದಲಾಗಲ್ಲ.

ಎರಡನೆಯದು. ಎಕ್ಸ್‌ರೇ ಬೀಳುತ್ತಾ ಇದ್ದ ಹಾಗೇ ಸೋಡಿಯಂ ಮೆಲ್ಲಗೆ ಓಡಾಡಲು ಶುರು ಮಾಡುತ್ತದೆ. ಹಾಗಾಗಿ ಆಕ್ಸಿಜನ್ನನ್ನು ಮೊಟ್ಟಮೊದಲು ಅಳೆಯಲು ಹೇಳು. ಎಲ್ಲ ಮುಗಿದ ಮೇಲೆ ಇನ್ನೊಂದು ಸಲ ಅಳೆಯಲು ಹೇಳು. ಎರಡೂ ಒಂದೇ ಥರ ಬಂದರೆ ನೆಮ್ಮದಿ. ಲ್ಯಾಬಿನವರು ಗೊಣಗುತ್ತಾರೆ. ನಾನೂ ಗೊಣಗುತ್ತೇನೆ. ಆದರೂ ಕೇಳು.

ಬಳೆಅಂಗಡಿ · ಗುರುವಾರ, ಬೆಳಿಗ್ಗೆ 8:15

ಗೀರು ಹಾಕುವ ವಿಷಯ ನನಗೆ ಗೊತ್ತು. ಅರವನ್ನು ಹಿಂದೆ ಮುಂದೆ ಉಜ್ಜಬೇಡಿ, ಚೂರು ಏಳುತ್ತದೆ. ಒಂದೇ ದಿಕ್ಕಿಗೆ ಒಂದೇ ಸಲ ಎಳೆಯಿರಿ. ಗೀರು ಹೊರಗಡೆ ಬರುವ ಹಾಗೆ ಬಗ್ಗಿಸಿದರೆ ನೆಟ್ಟಗೆ ಮುರಿಯುತ್ತದೆ. ಗೀರು ಒಳಗಡೆ ಆದರೆ ಅಡ್ಡಾದಿಡ್ಡಿ. ಗಾಜು ಕತ್ತರಿಸುವವರು ಗೀರಿನ ಮೇಲೆ ಸ್ವಲ್ಪ ಎಂಜಲು ಹಚ್ಚುವುದನ್ನೂ ನೋಡಿದ್ದೇನೆ. ಯಾಕೆ ಅಂತ ಗೊತ್ತಿಲ್ಲ.

ಇನ್ನೊಂದು ಪ್ರಶ್ನೆ. ನೀಲಿ ಬಳೆಯಲ್ಲಿ ಕೋಬಾಲ್ಟ್ ಇರುತ್ತದೆ ಅಂತಾರೆ. ಈ ಯಂತ್ರದಲ್ಲಿ ಅದು ಕಾಣುತ್ತಾ?

ನಿರ್ವಾತ · ಗುರುವಾರ, ಬೆಳಿಗ್ಗೆ 9:00

ನೀವು ಹೇಳಿದ್ದು ನಮ್ಮ ಲ್ಯಾಬಿನ ಸೂಚನೆ ಹಾಳೆಗಿಂತ ಚೆನ್ನಾಗಿದೆ. ಎಂಜಲು ಯಾಕೆಂದರೆ, ಗೀರಿನ ತುದಿಯಲ್ಲಿ ಎಳೆದು ನಿಂತಿರುವ ಸಿಲಿಕಾನ್-ಆಕ್ಸಿಜನ್ ಸೇತುವೆಯನ್ನು ನೀರು ಮುರಿಯುತ್ತದೆ, ಬಿರುಕು ಸಲೀಸಾಗಿ ಮುಂದೆ ಹೋಗುತ್ತದೆ. ಅದೇ ನೀರೇ ನಮ್ಮ ಹುಡುಗನ ಪೀಕನ್ನೂ ತಿಂದದ್ದು. (ತಮ್ಮ, ನೀನು ಎಂಜಲು ಹಚ್ಚಬೇಡ!)

ಕೋಬಾಲ್ಟ್ ಕಾಣುವುದು ಕಷ್ಟ. ಚಿಟಿಕೆ ಕೋಬಾಲ್ಟ್ ಸಾಕು ಗಾಜು ಕಡು ನೀಲಿ ಆಗಲು. ನೂರು ಪರಮಾಣುವಿನಲ್ಲಿ 0.1ಕ್ಕಿಂತ ಕಡಿಮೆ ಇದ್ದರೆ ನಮ್ಮ ಯಂತ್ರಕ್ಕೆ ಸಾಮಾನ್ಯವಾಗಿ ಗೊತ್ತಾಗಲ್ಲ. ನಿಮ್ಮ ಕಣ್ಣಿಗೇ ಜಾಸ್ತಿ ಗೊತ್ತಾಗುತ್ತದೆ.

ಕಿಟಕಿ ಗಾಜಿನಲ್ಲಿ ಮಾತ್ರ ಒಂದು ಮಜಾ ಇದೆ. ಈಗಿನ ಹಾಳೆ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಮಾಡುತ್ತಾರೆ. ಹಾಗಾಗಿ ಒಂದು ಮುಖದಲ್ಲಿ ತವರ ಹತ್ತಿಕೊಂಡಿರುತ್ತದೆ. ಎಕ್ಸ್‌ಪಿಎಸ್‌ನಲ್ಲಿ 487ರ ಹತ್ತಿರ ಅದರ ಪೀಕು ಬರುತ್ತದೆ, ಇನ್ನೊಂದು ಮುಖದಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಹೊಸ ಹುಡುಗರು ಕೆಲಸಕ್ಕೆ ಸೇರಿದಾಗ ಒಂದು ಚೂರು ಕಿಟಕಿ ಗಾಜು ಕೊಟ್ಟು 'ಯಾವ ಮುಖ ಕೆಳಗಿತ್ತು ಹೇಳು' ಅನ್ನುತ್ತೇನೆ.

ಆಲೆಮನೆ_ಮಗ · ಗುರುವಾರ, ಸಂಜೆ 5:20

ಎಂಜಲಿಗೂ ವಿಜ್ಞಾನ ಇದೆ ಅಂತ ಇವತ್ತು ನಮ್ಮಪ್ಪನಿಗೆ ಹೇಳುತ್ತೇನೆ. ನೋಟು ಎಣಿಸುವಾಗ ಬೈಯುತ್ತಿದ್ದೆ.

ಹೊಟ್ಟುಬೂದಿ · ಐದು ವಾರದ ನಂತರ, ಶನಿವಾರ, ರಾತ್ರಿ 8:35

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಯಾಕೆ ಮಾತಿಲ್ಲ ಅಂದರೆ, ಮೊದಲ ಸಲದ ಕಡ್ಡಿಗಳು ಆರುವಾಗಲೇ ಒಡೆದವು. ಎರಡನೇ ಸಲ ಅಚ್ಚನ್ನು ಬಿಸಿ ಮಾಡಿ ಹೊಯ್ದು, 430 ಡಿಗ್ರಿಯಲ್ಲಿ ಇಟ್ಟು ರಾತ್ರಿಯಿಡೀ ನಿಧಾನ ಆರಿಸಿದೆ. ಆರರಲ್ಲಿ ನಾಲ್ಕು ಉಳಿದವು. ಗೀರು ಬಳೆಅಂಗಡಿ ಅಕ್ಕ ಹೇಳಿದ ಹಾಗೇ ಹಾಕಿದೆ, ಒಂದೇ ಎಳೆತ. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಟ್ಟು ನಾನೇ ತೆಗೆದುಕೊಂಡು ಹೋದೆ. ನೀರು ಮುಟ್ಟಿಸಿಲ್ಲ.

ಒಳಗೆ ಮುರಿದಾಗ ಸದ್ದು ಕೇಳಿಸಲಿಲ್ಲ. ನಿರ್ವಾತದಲ್ಲಿ ಸದ್ದು ಬರಲ್ಲ ಅಂತ ಗೊತ್ತಿದ್ದರೂ ಕಾಯುತ್ತಿದ್ದೆ. ಪುಟ್ಟ ಕಿಟಕಿಯಲ್ಲಿ ಅರ್ಧ ಕಡ್ಡಿ ಬಿದ್ದದ್ದಷ್ಟೇ ಕಂಡಿತು.

ಆಮೇಲೆ ಆಕ್ಸಿಜನ್ ಪೀಕು ಬಂತು. ಭುಜ ಅಲ್ಲ ಸ್ವಾಮಿ, ನಿಜವಾದ ಎರಡು ಗುಡ್ಡ! ಅಂತರ 2 ಇವಿ ಹತ್ತಿರ. ಕಾರ್ಬೊನೇಟ್ ಪೀಕು ಇಲ್ಲ. 536ರ ದಿಬ್ಬ ಹಾಗೇ ಇದೆ, ಆದರೆ ಈಗ ಅದರ ಹೆಸರು ಗೊತ್ತು, ಫಿಟ್‌ನಲ್ಲಿ ಅದಕ್ಕೆ ಬೇರೆ ಜಾಗ ಕೊಟ್ಟೆ. ಒಂಟಿ ಕೈ ಆಕ್ಸಿಜನ್ ಶೇಕಡಾ 36. ಕೊನೆಯಲ್ಲಿ ಇನ್ನೊಂದು ಸಲ ಅಳೆಸಿದೆ (ಗೊಣಗಿದರು). 35 ಬಂತು.

40 ಬರಲಿಲ್ಲ. ಉಳಿದ 4 ಎಲ್ಲಿ ಹೋಯಿತು?

ನಿರ್ವಾತ · ಶನಿವಾರ, ರಾತ್ರಿ 9:10

ಶಭಾಷ್ ತಮ್ಮ! 36 ಅಂದರೆ ಚೆನ್ನಾಗೇ ಬಂದಿದೆ. 74 ಇವಿ ಹತ್ತಿರ ಏನಾದರೂ ಇದೆಯಾ ನೋಡು. ಯಾವ ಕ್ರೂಸಿಬಲ್ (ಕರಗಿಸುವ ಮೂಸೆ) ಬಳಸಿದೆ?

ಹೊಟ್ಟುಬೂದಿ · ಶನಿವಾರ, ರಾತ್ರಿ 9:22

74ಕ್ಕೆ ಸಣ್ಣದೊಂದು ಇದೆ. ಕ್ರೂಸಿಬಲ್ ಅಲ್ಯುಮಿನಾದ್ದು, ಅಂದರೆ ಅಲ್ಯುಮಿನಿಯಂ ಆಕ್ಸೈಡ್. ಅಯ್ಯೋ.

ಹಠಮಾರಿ · ಶನಿವಾರ, ರಾತ್ರಿ 9:30

ಸಿಕ್ಕಿತು ನೋಡಿ. 74ರದ್ದು ಅಲ್ಯುಮಿನಿಯಂ ಪೀಕು. ಕರಗಿದ ಸೋಡಾ ಕ್ರೂಸಿಬಲ್ ಗೋಡೆಯನ್ನೇ ತಿಂದಿದೆ. ಗಾಜಿಗೆ ಸೇರಿದ ಅಲ್ಯುಮಿನಿಯಂ ಸಿಲಿಕಾನ್ ಥರವೇ ನಾಲ್ಕು ಆಕ್ಸಿಜನ್ ಹಿಡಿದು ನಿಲ್ಲುತ್ತದೆ. ಆದರೆ ಅದಕ್ಕೆ ಒಂದು ಧನ ವಿದ್ಯುತ್ತು ಕಡಿಮೆ. ಅದನ್ನು ತುಂಬಲು ಒಂದು ಸೋಡಿಯಂ ಅನ್ನು ಪಕ್ಕಕ್ಕೆ ಕರೆದುಕೊಳ್ಳುತ್ತದೆ. ಆ ಸೋಡಿಯಂ ಇನ್ನು ಸೇತುವೆ ಮುರಿಯುವ ಕೆಲಸಕ್ಕಿಲ್ಲ. ಒಂದು ಅಲ್ಯುಮಿನಿಯಂ ಬಂದರೆ ಒಂದು ಒಂಟಿ ಕೈ ಆಕ್ಸಿಜನ್ ಕಡಿಮೆ. ಪೀಕಿನ ವಿಸ್ತೀರ್ಣದಿಂದ ಅಲ್ಯುಮಿನಿಯಂ ಎಷ್ಟು ಅಂತ ತೆಗೆದು ಲೆಕ್ಕ ಹಾಕಿ. ನಾಲ್ಕೂ ಅಲ್ಲೇ ಸಿಗದಿದ್ದರೂ ಬಹುಪಾಲು ಸಿಗಬೇಕು.

ಮತ್ತೆ, ಇದು ಊರಿನದ್ದೇ ಗಣತಿ ಅಂತ ಈಗ ಒಪ್ಪುತ್ತೇನೆ.

ಬಳೆಅಂಗಡಿ · ಶನಿವಾರ, ರಾತ್ರಿ 9:41

ನನ್ನ ಗೀರಿಗೆ ಥೀಸಿಸ್‌ನಲ್ಲಿ ಒಂದು ಸಾಲು ಕೃತಜ್ಞತೆ ಬರಬೇಕು.

ಹೊಟ್ಟುಬೂದಿ · ಶನಿವಾರ, ರಾತ್ರಿ 9:50

ಖಂಡಿತ ಅಕ್ಕ. ಅಲ್ಯುಮಿನಾ ಬಿಟ್ಟರೆ ಇನ್ನು ಪ್ಲಾಟಿನಂ ಕ್ರೂಸಿಬಲ್ಲೇ ಗತಿ. ಡಿಪಾರ್ಟ್‌ಮೆಂಟಿನಲ್ಲಿ ಒಂದೇ ಒಂದು ಇದೆಯಂತೆ, ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದಾರೆ. ಕೇಳಲು ಧೈರ್ಯ ಸಾಲುತ್ತಿಲ್ಲ.

ಗಂಗೋತ್ರಿ_ಹಳಬ · ಭಾನುವಾರ, ಬೆಳಿಗ್ಗೆ 6:15

ಪ್ಲಾಟಿನಂ ಮೂಸೆ ಕೇಳುವವರು ಊಟ ಆದ ಮೇಲೆ ಹೋಗಬೇಕು, ಎರಡೂವರೆ ಹೊತ್ತಿಗೆ. ತೆಗೆದುಕೊಳ್ಳುವಾಗ ಅವರ ಎದುರೇ ತೂಕ ಹಾಕಿ ಬರೆಸು, ಹಿಂದಿರುಗಿಸುವಾಗಲೂ ತೂಕ ಹಾಕಿಸು. ನಾನು ಬೀಗ ಇಟ್ಟುಕೊಂಡಿದ್ದ ಕಾಲದಲ್ಲಿ ಹೀಗೆ ಬಂದವರಿಗೆ ಇಲ್ಲ ಅಂದಿಲ್ಲ.